ಮೋಲ್ಡ್ ಹಾಕುವ ಮೊದಲು ಒಂದು ಪತ್ರ

ಚಿರಂಜೀವಿ ಪುಟ್ಟನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಮೊನ್ನೆ ನಿಮ್ಮಮ್ಮ ಫೋನ್ ಮಾಡಿದ್ದಳು. ಮನೆ ಬಾಗಿಲು-ಕಿಟಕಿ ಮೇಲಿನ ಲಿಂಟಲ್ ಮಟ್ಟ ದಾಟಿದೆ, ಇನ್ನೇನು ಮೋಲ್ಡಿಗೆ, ಅಂದರೆ ಕಾಂಕ್ರೀಟ್ ಚಾವಣಿಗೆ, ಸೆಂಟ್ರಿಂಗ್ ಹಲಗೆ ಕಟ್ಟುವುದು ಶುರು, ನೀನಾಗಲೇ ಭಾನುವಾರ ಬಂದರೆ ಟೈಲ್ಸ್ ಅಂಗಡಿ ಸುತ್ತುತ್ತಿದ್ದೀಯ ಅಂದಳು. ಖುಷಿಯೂ ಆಯಿತು, ಸ್ವಲ್ಪ ದಿಗಿಲೂ ಆಯಿತು. ಟೈಲ್ಸ್‌ಗೆ ಇನ್ನೂ ಎಷ್ಟೋ ಟೈಮಿದೆ. ಗೋಡೆಯೊಳಗೆ, ಮೋಲ್ಡಿನೊಳಗೆ ಹೂತು ಹೋಗುವ ವಸ್ತುಗಳಿಗೆ ಟೈಮಿಲ್ಲ. ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ‘ಹೂಂ ದೊಡ್ಡಮ್ಮ’ ಅಂದು ಮರೆತುಬಿಡುತ್ತೀಯ.

ಫ್ಯಾನಿನ ಡಬ್ಬಿ, ವೈರಿನ ಪೈಪು ಎಲ್ಲ ಕಾಂಕ್ರೀಟ್ ಸುರಿಯುವ ಮೊದಲೇ ಕೂರಬೇಕು. ಅವತ್ತು ಎಲೆಕ್ಟ್ರಿಷಿಯನ್ ‘ಸಾರ್, ಫ್ಯಾನ್ ಎಲ್ಲಿ ಬರಬೇಕು?’ ಅಂತ ಕೇಳುತ್ತಾನೆ. ನೀನು ‘ಮಧ್ಯಕ್ಕೆ ಹಾಕಪ್ಪ’ ಅನ್ನುತ್ತೀಯ. ಎಲ್ಲರೂ ಅನ್ನುವುದೇ ಹಾಗೆ. ಆಮೇಲೆ ವಾರ್ಡ್‌ರೋಬ್ ಬಂದು ಒಂದು ಕಡೆ ಎರಡು ಅಡಿ ನುಂಗುತ್ತದೆ, ಮಂಚ ಆಚೆ ಸರಿಯುತ್ತದೆ, ಗಾಳಿ ಮಾತ್ರ ಯಾರೂ ಮಲಗದ ಜಾಗಕ್ಕೆ ಬೀಸುತ್ತದೆ. ಮಂಚ ಎಲ್ಲಿ ಅಂತ ತೀರ್ಮಾನವಾಗದೆ ಫ್ಯಾನ್ ಎಲ್ಲಿ ಅಂತ ಹೇಗೆ ಹೇಳುತ್ತೀಯ?

ಒಂದು ಸೀಮೆಸುಣ್ಣ ತೆಗೆದುಕೊಂಡು ಹೋಗು. ಮಂಚ, ಬೀರು, ಸೋಫಾ, ಫ್ರಿಜ್ಜು, ವಾಷಿಂಗ್ ಮಷೀನು ಎಲ್ಲವನ್ನೂ ನಿಜವಾದ ಅಳತೆಗೆ ನೆಲದ ಮೇಲೆ ಬರೆ. ಬಾಗಿಲು ಯಾವ ಕಡೆ ತೆರೆಯುತ್ತದೆ ಅನ್ನುವುದನ್ನೂ ಬರೆ. ಆಮೇಲೆ ನೀವಿಬ್ಬರೂ ಸೇರಿ ಬೆಳಿಗ್ಗೆ ಎದ್ದ ಹಾಗೆ, ಕಾಫಿ ಮಾಡಿದ ಹಾಗೆ, ರಾತ್ರಿ ಲೈಟ್ ಆರಿಸಿ ಮಲಗಿದ ಹಾಗೆ ಒಂದು ಸಲ ಓಡಾಡಿ ನೋಡಿ. ಮೇಸ್ತ್ರಿ ನಗುತ್ತಾನೆ, ನಗಲಿ. ಮಲಗಿದಲ್ಲಿಂದಲೇ ಆರಿಸುವ ಸ್ವಿಚ್ಚು ಎಲ್ಲಿ ಬೇಕು, ಮಿಕ್ಸಿಗೆ, ನೀರಿನ ಫಿಲ್ಟರಿಗೆ ಪ್ಲಗ್ ಎಲ್ಲಿ, ಗೀಸರಿಗೆ 16 ಆಂಪಿನ ಪಾಯಿಂಟ್ ಎಲ್ಲಿ, ಎಲ್ಲ ಅಲ್ಲೇ ಹೊಳೆಯುತ್ತದೆ. ನೋಟ್‌ಬುಕ್ಕಿನಲ್ಲಿ ಬರೆದುಕೋ. ಸೋಲಾರ್ ಈಗ ಬೇಡ ಅಂದರೂ ತಾರಸಿಯಿಂದ ಬಾತ್‌ರೂಮಿಗೆ ಬಿಸಿನೀರಿನ ಪೈಪು ಎಳೆಸಿಬಿಡು.

ಅಡುಗೆಮನೆ ಕಟ್ಟೆಯ ವಿಷಯ ನನ್ನನ್ನು ಕೇಳು. ನಮ್ಮ ಮನೆ ಕಟ್ಟಿದ್ದು 1991ರಲ್ಲಿ. ಕಟ್ಟೆ ಎಷ್ಟು ಎತ್ತರ ಅಂತ ಮೇಸ್ತ್ರಿ ಕೇಳಿದ್ದು ನಿಮ್ಮ ದೊಡ್ಡಪ್ಪನನ್ನು. ಅವರು ಆರಡಿ ಆಳು, ತಮ್ಮ ಸೊಂಟ ನೋಡಿಕೊಂಡು ‘36 ಇಂಚು ಇರಲಿ’ ಅಂದರು. ಜೀವಮಾನದಲ್ಲಿ ಒಂದು ಲೋಟ ಚಹಾ ಕಾಯಿಸಿದವರಲ್ಲ! ನಾನು ಐದಡಿಯವಳು. ಕಟ್ಟೆ ಮೇಲೆ ಒಲೆ, ಒಲೆ ಮೇಲೆ ಕುಕ್ಕರು, ಒಳಗೆ ಸೌಟು ಆಡಿಸಬೇಕಾದರೆ ಭುಜ ಎತ್ತಬೇಕು. ಕೊನೆಗೆ ಊಟದ ಮಣೆಯೊಂದನ್ನು ಕಾಲ ಕೆಳಗೆ ಹಾಕಿಕೊಂಡೆ. ಆ ಮಣೆ ಇವತ್ತಿಗೂ ಅಲ್ಲೇ ಇದೆ. ನನ್ನ ಎರಡು ಪಾದದ ಜಾಗದಲ್ಲಿ ಸವೆದು ತಗ್ಗಾಗಿದೆ.

ಅದಕ್ಕೇ ಹೇಳುತ್ತೇನೆ, ಹೆಚ್ಚು ಹೊತ್ತು ಯಾರು ನಿಲ್ಲುತ್ತಾರೋ ಅವರ ಮೊಣಕೈ ಮಡಿಸಿ ಅಳತೆ ತೆಗೆ. ಅದಕ್ಕಿಂತ ಒಂದು ಗೇಣಿನ ಅರ್ಧದಷ್ಟು ಕೆಳಗೆ ಕಟ್ಟೆ ಬರಲಿ. ಮುಖ್ಯವಾಗಿ, ಅಳತೆ ಟೈಲ್ಸ್ ಹಾಕಿದ ಮೇಲಿನ ನೆಲದಿಂದ. ಒರಟು ನೆಲದಿಂದ ಅಳೆದರೆ ಗಾರೆ, ಟೈಲ್ಸ್ ಸೇರಿ ಎರಡು ಇಂಚು ಹೋಗಿಬಿಡುತ್ತದೆ. ನೀನೂ ಅಡುಗೆ ಮಾಡುತ್ತೀಯಂತೆ, ನಿಮ್ಮಮ್ಮ ಹೇಳಿದಳು. ಸಂತೋಷ. ಆದರೂ ಅಳತೆ ನಿನ್ನ ಹೆಂಡತಿಯದೇ ಇರಲಿ.

ಬಾತ್‌ರೂಮಿನಲ್ಲಿ ನಾವು ಮಾಡಿದ ತಪ್ಪು ಇನ್ನೂ ದೊಡ್ಡದು. ಬಾಗಿಲು ಎರಡೂವರೆ ಅಡಿ, ಹೊಸಿಲು ಬೇರೆ. ಮೂವತ್ತು ವರ್ಷ ಯಾರಿಗೂ ತೊಂದರೆ ಆಗಲಿಲ್ಲ. ದೊಡ್ಡಪ್ಪ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ವರ್ಷ ವೀಲ್‌ಚೇರ್ ಒಳಗೆ ಹೋಗಲಿಲ್ಲ. ಬಾಗಿಲಲ್ಲೇ ಎತ್ತಿ ಇಳಿಸುವಾಗ ಅವರು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು. ನಿಮ್ಮಮ್ಮನಿಗೆ ಈಗಲೇ ಮಂಡಿನೋವು ಅಲ್ವಾ? ಕೆಳಗಿನ ಬಾತ್‌ರೂಮಿಗೆ ಮೂರಡಿ ಬಾಗಿಲು ಇಡಿಸು. ಕಮೋಡಿನ ಪಕ್ಕ ಹಿಡಿಕೆ ಕೂರಿಸುವುದಕ್ಕೆ ಗೋಡೆ ಗಟ್ಟಿ ಇರಲಿ.

ಕಮೋಡ್ ಯಾವುದು ಅಂತ ಪ್ಲಂಬರ್ ಪೈಪು ಹಾಕುವ ಮೊದಲೇ ಆರಿಸಬೇಕು. ಗೋಡೆಯಿಂದ ಪೈಪು 9 ಇಂಚು ದೂರ ಬೇಕಾದವೂ ಇವೆ, 12 ಇಂಚು ಬೇಕಾದವೂ ಇವೆ. ಗೋಡೆಯೊಳಗೆ ಕೂರುವ ಶವರಿನ ನಲ್ಲಿಯೂ ಹಾಗೇ, ಟೈಲ್ಸ್‌ಗಿಂತ ಮೊದಲು ಕೈಯಲ್ಲಿರಬೇಕು. ನಿಮ್ಮದು ಬೋರ್‌ವೆಲ್ ನೀರಾದರೆ ಕಪ್ಪು ನಲ್ಲಿಗೆ ಮರುಳಾಗಬೇಡ. ಒಂದೇ ವಾರಕ್ಕೆ ಬಿಳಿ ಕಲೆ, ಉಜ್ಜುವವರು ಯಾರು? ಟೈಲ್ಸ್‌ಗಿಂತ ಮೊದಲು ನೆಲದಲ್ಲಿ ನೀರು ಕಟ್ಟಿ ಒಂದು ದಿನ ಬಿಟ್ಟು ನೋಡು, ಕೆಳಗೆ ತೇವ ಬರುತ್ತದಾ ಅಂತ. ಟೈಲ್ಸ್ ಹಾಕಿದ ಮೇಲೆ ಒಂದು ಬಕೆಟ್ ನೀರು ಸುರಿ. ಎಲ್ಲ ನೀರು ಜಾಲಿಯ ಕಡೆಗೇ ಹೋಗಬೇಕು. ಮೂಲೆಯಲ್ಲಿ ನಿಂತರೆ ಅವತ್ತೇ ಕೀಳಿಸು.

ಪ್ಲಾಸ್ಟರಿಂಗ್ ಶುರುವಾಗುವ ಹಿಂದಿನ ದಿನ ಎಲ್ಲ ಗೋಡೆಗಳಿಗೂ ಟೇಪ್ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದಿಡು. ನಮ್ಮ ನೆಂಟರೊಬ್ಬರ ಮನೆಯಲ್ಲಿ ಗೃಹಪ್ರವೇಶದ ಹಿಂದಿನ ದಿನ ದೇವರ ಫೋಟೋಗೆ ಡ್ರಿಲ್ ಮಾಡಲು ಹೋಗಿ ನೀರಿನ ಪೈಪಿಗೇ ತೂತು ಮಾಡಿದ್ದರು. ಗಂಗಾಪೂಜೆ ಒಂದು ದಿನ ಮೊದಲೇ ಆಯಿತು.

ದುಡ್ಡಿನ ಒಂದು ಮಾತು. ಕಾಂಟ್ರಾಕ್ಟರ್ ಕೊಟ್ಟ ಕಾಗದದಲ್ಲಿ ಟೈಲ್ಸ್‌ಗೆ ಚದರ ಅಡಿಗೆ ಎಷ್ಟು, ನಲ್ಲಿಗೆ, ಸ್ವಿಚ್ಚಿಗೆ ಯಾವ ಕಂಪನಿಯ ಯಾವ ಮಾಡೆಲ್ ಅಂತ ಇದೆಯಾ ನೋಡು. ‘ಒಳ್ಳೆ ಕ್ವಾಲಿಟಿ’ ಅಂತ ಬರೆದಿದ್ದರೆ ಏನೂ ಬರೆದಿಲ್ಲ ಅಂತಲೇ ಲೆಕ್ಕ. ಅಂಗಡಿಯಲ್ಲಿ ನೀನು ಮೆಚ್ಚುವ ಟೈಲ್ಸ್‌ಗೂ ಅವನ ರೇಟಿಗೂ ಇರುವ ವ್ಯತ್ಯಾಸ ನಿನ್ನ ಜೇಬಿನಿಂದಲೇ ಹೋಗುವುದು.

ಟೈಲ್ಸ್ ಬಗ್ಗೆ ನನಗೆ ಹೇಳಲು ಜಾಸ್ತಿ ಇಲ್ಲ. ಅಂಗಡಿ ಲೈಟಿಗೆ ಮೋಸ ಹೋಗದೆ ಒಂದು ಪೀಸ್ ಮನೆಗೆ ತಂದು ಒದ್ದೆ ಕಾಲಿನಲ್ಲಿ ನಿಂತು ನೋಡು. ಒಂದು ಬಾಕ್ಸ್ ಹೆಚ್ಚಿಗೆ ತಂದು ಅಟ್ಟದಲ್ಲಿಡು, ಆಮೇಲೆ ಅದೇ ಬಣ್ಣ ಸಿಗುವುದಿಲ್ಲ. ವಾಸ್ತು ಹೇಳುವ ಚಿಕ್ಕಪ್ಪಂದಿರನ್ನೆಲ್ಲ ಈಗಲೇ ಒಂದು ಸಲ ಕರೆದು ಕಾಫಿ ಕೊಟ್ಟು ಕೇಳಿಬಿಡು. ಗೋಡೆ ಎದ್ದ ಮೇಲೆ ಹೇಳಿದರೆ ಕೇಳಿಸಿಕೊಳ್ಳಬೇಡ.

ಮೋಲ್ಡ್ ಯಾವ ದಿನ ಅಂತ ತಿಳಿಸು. ಹಿಂದಿನ ದಿನವೇ ಬಸ್ ಹತ್ತಿ ಬರುತ್ತೇನೆ. ಸೀಮೆಸುಣ್ಣದ ಮಂಚ ಅಳಿಸದೆ ಇಟ್ಟಿರು.

ಇಂತಿ,
ನಿನ್ನ ದೊಡ್ಡಮ್ಮ