ಭಕ್ತಿಗಲ್ಲ, ತಿಳಿವಳಿಕೆಗೆ ಶ್ರೇಣಿ ಕೊಡಿ

ಮಾನ್ಯರೇ,

ಇಂಗ್ಲೆಂಡಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪ್ರಮುಖ ಧರ್ಮಗಳ ಪರಿಚಯ ಮಾಡಿಕೊಡುವ ಪಾಠ ಕಡ್ಡಾಯ. ಬೇಡವೆನ್ನುವ ಪೋಷಕರು ಮಕ್ಕಳನ್ನು ಆ ಪಾಠದಿಂದ ಬಿಡಿಸಿಕೊಳ್ಳಬಹುದು. ಅಲ್ಲಿ ಓದುವ ನನ್ನ ಮೊಮ್ಮಗಳ ವಾರ್ಷಿಕ ವರದಿಯಲ್ಲಿ ಈ ವಿಷಯಕ್ಕೆ ಒಂದೇ ಸಾಲು: ‘ನಿರೀಕ್ಷಿತ ಮಟ್ಟದಲ್ಲಿದ್ದಾಳೆ’. ಏನನ್ನು ನಿರೀಕ್ಷಿಸಿದ್ದರೋ! ಸಿಖ್ಖರ ಗುರುದ್ವಾರದ ಲಂಗರಿನಲ್ಲಿ, ಅಂದರೆ ಸಾಮೂಹಿಕ ಊಟದಲ್ಲಿ, ಎಲ್ಲರೂ ನೆಲದ ಮೇಲೆ ಸಾಲಾಗಿ ಕುಳಿತು ಉಣ್ಣುವುದೇಕೆ ಎಂಬುದಕ್ಕೆ ಅವಳು, ‘ಆಗ ಯಾರ ಕುರ್ಚಿಯೂ ದೊಡ್ಡದಾಗುವುದಿಲ್ಲ’ ಎಂದು ಬರೆದಿದ್ದಳು. ಆ ಉತ್ತರದ ಪಕ್ಕದಲ್ಲಿ ಬರೀ ಸರಿ ಗುರುತು. ಅಳೆಯಬೇಕಾದದ್ದು ಇಂಥ ಯೋಚನೆಯನ್ನೇ ಹೊರತು, ಮಗುವಿಗೆ ಎಷ್ಟು ಹಬ್ಬಗಳ ಹೆಸರು ಬಾಯಿಪಾಠವಾಗಿದೆ ಎಂಬುದನ್ನಲ್ಲ. ನಂಬಿಕೆಯನ್ನಂತೂ ಅಲ್ಲವೇ ಅಲ್ಲ.

ನಮ್ಮಲ್ಲಿ ಪೂರ್ಣ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಗಳಲ್ಲಿ ಧರ್ಮಬೋಧನೆಗೆ ಸಂವಿಧಾನದ 28ನೇ ವಿಧಿ ಅವಕಾಶ ಕೊಡುವುದಿಲ್ಲ. ಆದರೆ ಮೌಲ್ಯ ಶಿಕ್ಷಣಕ್ಕೆ ಶ್ರೇಣಿ ಕೊಡುವ ನಮ್ಮ ಶಿಕ್ಷಕರೂ ಆ ಶ್ರೇಣಿಯ ಪಕ್ಕದಲ್ಲಿ ಒಂದು ವಾಕ್ಯದ ಕಾರಣ ಬರೆಯಲಿ.

– ಒಬ್ಬ ಓದುಗ, ಮೈಸೂರು