ಒಂಬತ್ತಕ್ಕ ಒಂಬತ್ತೂ ಎಡಗಿವಿ ಮುಂದ

ಧಾರವಾಡದ ಸರಕಾರಿ ಆರ್ಟ್ ಗ್ಯಾಲರಿಯಲ್ಲಿ ನನ್ನ ಮೊದಲ ಶಿಲ್ಪ ಪ್ರದರ್ಶನ ಭಾನುವಾರ ಮುಗೀತು. ಐದು ದಿನ ನಿಂತು ಕಾಲು ಬಾತಿವೆ. ಆದರೂ ಉಪಕಾರ ನೆನೆಯೋದನ್ನ ನಾಳೆಗೆ ಇಟ್ಟರೆ ಅದು ಹಾಗೇ ಉಳಿದುಬಿಡುತ್ತದೆ ಅಂತ ಈಗಲೇ ಕೂತಿದ್ದೇನೆ.

ಮೊದಲು ಬೆಟಗೇರಿಯ ನಮ್ಮ ಮನೆ ಹತ್ತಿರದ ಕುಂಬಾರರ ಆಯಿ. ‘ಹೆಸರು ಹಾಕಬ್ಯಾಡೋ’ ಅಂದಿದ್ದಾಳೆ, ಹಾಕುವುದಿಲ್ಲ.

ಹೋದ ವರ್ಷ ಅಪ್ಪ ತೀರಿಕೊಂಡು ಎರಡು ತಿಂಗಳಿಗೆ, ಶ್ರಾವಣದ ಜಿಟಿಜಿಟಿ ಮಳೆಯಲ್ಲಿ, ಹನ್ನೊಂದು ಮಣ್ಣಿನ ತಲೆಗಳನ್ನು ಬಾಡಿಗೆಯ ಕರೆಂಟ್ ಭಟ್ಟಿಗೆ ಇಟ್ಟೆ. ಒಳಗೆ ಪಟಾಕಿ ಹಾರಿದ ಸಪ್ಪಳ. ಆರು ಚೂರು, ಉಳಿದವು ಬಿರುಕು. ಮಣ್ಣು ಎರಡು ಇಂಚು ದಪ್ಪ ಇತ್ತು. ಮೇಲೆ ಒಣಗಿದ್ದರೂ ಹೊಟ್ಟೆಯಲ್ಲಿ ಹಸಿ. ಆ ನೀರು ಉಗಿಯಾಗಿ, ದಾರಿ ಸಿಗದೆ, ಒಡೆದುಕೊಂಡು ಬಂತು. ತಪ್ಪು ನನ್ನದೇ. ನಾಲ್ಕು ತಿಂಗಳು ಮಣ್ಣು ಮುಟ್ಟಲಿಲ್ಲ.

ಆಯಿ ಒಂದು ಚೂರು ಎತ್ತಿ, ಉಗುರಿನಿಂದ ಕೆರೆದು, ಮೂಸಿ ನೋಡಿದಳು. ‘ಹೊಟ್ಟಿ ಖಾಲಿ ಮಾಡಬೇಕೋ ತಮ್ಮಾ. ಉಸರಾಡಾಕ ಕಿಂಡಿ ಬಿಡಬೇಕು.’ ಕುದುರೆ ಲದ್ದಿ ಒಣಗಿಸಿ, ಜರಡಿ ಹಿಡಿದು, ಮಣ್ಣಿಗೆ ಕಲಸೋದು ಕಲಿಸಿದಳು. ಸುಡುವಾಗ ಅದು ಉರಿದು ಮಣ್ಣಿನಲ್ಲಿ ಸಣ್ಣ ಸಣ್ಣ ತೂತು ಬಿಡುತ್ತದೆ. ತಲೆಯನ್ನು ಬುಡದಿಂದ ಬೆರಳು ದಪ್ಪಕ್ಕೆ ಬರುವವರೆಗೆ ಕೊರೆದೆ.

ನಾನೋ ‘ಸುಪ್ತ ಮನಸ್ಸು’ ಅಂತ ದೊಡ್ಡ ಮಾತು ಹೊತ್ತು ತಿರುಗುತ್ತಿದ್ದೆ. ಹೊಸದಾಗಿ ಮಾಡಿದ ಒಂಬತ್ತು ತಲೆಗೆ ಭಯ, ಆಸೆ, ಹೊಟ್ಟೆಕಿಚ್ಚು ಅಂತ ಹೆಸರೂ ಇಟ್ಟಾಗಿತ್ತು. ಕುಂಬಾರರ ಆವಿಗೆಗೆ ಜೋಡಿಸುವಾಗ ಆಯಿ ಕೇಳಿದಳು: ‘ಒಂಬತ್ತಕ್ಕ ಒಂಬತ್ತೂ ಎಡಗಿವಿ ಮುಂದ ಮಾಡ್ಯಾವಲ್ಲ, ಯಾರ ಮಾತು ಕೇಳಾಕ?’

ಅಪ್ಪ ಮೂವತ್ತು ವರ್ಷ ಪವರ್‌ಲೂಮ್ ಸದ್ದಿನಲ್ಲಿ ದುಡಿದವರು. ಬಲಗಿವಿ ಪೂರ್ತಿ ಹೋಗಿತ್ತು. ಯಾರು ಮಾತಾಡಿಸಿದರೂ ಎಡಗಿವಿ ಮುಂದೆ ತರುತ್ತಿದ್ದರು. ತಿಂಗಳುಗಟ್ಟಲೆ ಆ ತಲೆಗಳನ್ನು ತಿದ್ದಿದ ನನಗೇ ಅದು ಕಂಡಿರಲಿಲ್ಲ! ನನ್ನ ಹೆಂಡತಿಗೆ ಕಂಡಿತ್ತಂತೆ. ‘ಹೇಳಿದ್ರ ನೀವು ಬಿಟ್ಟಬಿಡ್ತಿದ್ರಿ’ ಅಂದಳು. ಸುಮ್ಮನಿದ್ದುದಕ್ಕೆ ಅವಳಿಗೂ ಋಣಿ.

ಆ ರಾತ್ರಿ ಎಲ್ಲ ಹಾಳು ಮಾಡಿ ಹೊಸದಾಗಿ ಶುರು ಮಾಡೋಣ ಅನ್ನಿಸಿದ್ದು ಸುಳ್ಳಲ್ಲ. ಆಗ ಸುಪ್ತ ಮನಸ್ಸಿನ ಬಗ್ಗೆ ಬರೆದ ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಕಾರ್ಲ್ ಯುಂಗ್ ನೆನಪಾದ. 1950ರಲ್ಲಿ ಬೋಲಿಂಗೆನ್‌ನ ತನ್ನ ಮನೆಯ ತೋಟದ ಗೋಡೆಗೆ ತರಿಸಿದ ಮೂಲೆಗಲ್ಲು ಅಳತೆ ತಪ್ಪಿ, ಮುಮ್ಮೂಲೆಯ ಬದಲು ನಾಲ್ಕೂ ಕಡೆ ಚೌಕಾಗಿ ಬಂದಿತ್ತು. ಗೌಂಡಿ ವಾಪಸ್ ಕಳಿಸಲು ಹೊರಟರೂ ಈತ ಬಿಡಲಿಲ್ಲ. ಇಟ್ಟುಕೊಂಡು ಅದರ ಮೇಲೇ ಕೆತ್ತಿದ. ನಾನೂ ತಲೆಗಳನ್ನು ಇದ್ದ ಹಾಗೇ ಇಟ್ಟು, ಆವಿಗೆಗೆ ಬೆಂಕಿ ಹಚ್ಚಲು ಹೇಳಿದೆ.

ತಲೆಗಳನ್ನು ಕೌದಿಯಲ್ಲಿ ಸುತ್ತಿ, ಹುಬ್ಬಳ್ಳಿ ದಾಟುವತನಕ ಒಂದು ತಗ್ಗಿಗೂ ಎತ್ತಿಹಾಕದ ಟೆಂಪೋದ ಅಣ್ಣನಿಗೆ, ಬೀಗದ ಕೈ ಹಿಡಿದು ನನಗಿಂತ ಮೊದಲೇ ಬರುತ್ತಿದ್ದ ಗ್ಯಾಲರಿ ಕಾವಲುಗಾರರಿಗೆ, ನೋಡಲು ಬಂದ ಎಲ್ಲರಿಗೆ ಶರಣು. ‘ಲಕ್ಕುಂಡಿ ಮಗ್ಗಲಾಗ ಹುಟ್ಟಿ ಇಂಥಾ ಸೊಟ್ಟ ಮೂತಿ ಮಾಡ್ತೀಯಲ್ಲೋ’ ಅಂದ ಹಿರಿಯರಿಗೂ. ಅಲ್ಲಿನ ಕಾಶಿವಿಶ್ವೇಶ್ವರನ ಗುಡಿಯ ಕೆತ್ತನೆಯ ಬಾಗಿಲವಾಡ ಕಂಡವರು ಹಾಗನ್ನಲೇಬೇಕು.

ಎರಡು ತಲೆ ಮಾರಾಟವಾದವು. ಆಯಿಯ ಕಟ್ಟಿಗೆ ಬಾಕಿ ತೀರಿತು. ‘ಭಯ’ ಮಾತ್ರ ಮಾರುವುದಿಲ್ಲ. ಅವ್ವ ಅದನ್ನು ಬೆಟಗೇರಿಗೆ ಒಯ್ದು ಪಡಸಾಲೆಯಲ್ಲಿ ಇಟ್ಟಿದ್ದಾಳೆ, ಎಡಗಿವಿ ಟಿವಿ ಕಡೆ ಬರೋ ಹಾಗೆ.