ಪಟ್ಟಿ ನಿನಗೆ ಗೊತ್ತಿದೆ, ನನಗೆ ಹೇಳಬೇಡ

ಪ್ರೀತಿಯ ಗೆಳೆಯಾ,

ಟಿಕೆಟ್ ಕೈಗೆ ಬಂದ ದಿನದಿಂದ ಒಂದು ವ್ರತ ಹಿಡಿದಿದ್ದೇನೆ. ಇಂಗ್ಲೆಂಡಿನ ಹೆವಿ ಮೆಟಲ್ ತಂಡ ಐರನ್ ಮೇಡನ್ ಈ ಪ್ರವಾಸದಲ್ಲಿ ಯಾವ ಹಾಡುಗಳನ್ನು ನುಡಿಸುತ್ತಿದೆ ಎಂದು ನೋಡುವುದಿಲ್ಲ, ಓದುವುದಿಲ್ಲ, ಯಾರಾದರೂ ಹೇಳಲು ಬಂದರೆ ಕಿವಿ ಮುಚ್ಚಿಕೊಳ್ಳುತ್ತೇನೆ. ನೀನು ಆಗಲೇ ಆ ಪಟ್ಟಿ ನೋಡಿ ಮುಗಿಸಿದ್ದೀಯೆ ಎಂಬುದು ನಿನ್ನ ಮೊನ್ನೆಯ ಸಂದೇಶದ ಕೊನೆಯಲ್ಲಿದ್ದ ನಗುಮುಖದಿಂದಲೇ ತಿಳಿಯಿತು. ದಯವಿಟ್ಟು ಬಾಯಿ ಬಿಡಬೇಡ. ಈ ತಂಡ ರಾತ್ರಿಗೊಂದು ಪಟ್ಟಿ ಮಾಡುವ ಜಾಯಮಾನದ್ದಲ್ಲ. ಮೊದಲ ಊರಿನಲ್ಲಿ ನುಡಿಸಿದ್ದನ್ನೇ ಹೆಚ್ಚು ಕಡಿಮೆ ಮುಂದಿನ ಊರುಗಳಲ್ಲೂ ನುಡಿಸುತ್ತದೆ. ಹಾಗಾಗಿ ಪಟ್ಟಿ ನೋಡಿದವನಿಗೆ ಆಸೆಪಡಲು ಏನೂ ಉಳಿಯುವುದಿಲ್ಲ. ನನಗೆ ಇನ್ನೂ ಸ್ವಲ್ಪ ದಿನ ಆಸೆಪಡುವುದಿದೆ.

ಮೊದಲ ಒಂಬತ್ತು ಆಲ್ಬಂಗಳ ಹಾಡುಗಳು ಮಾತ್ರ, ಅಂದರೆ 1980ರಿಂದ 1992ರವರೆಗಿನವು ಮಾತ್ರ ಎಂದು ತಂಡವೇ ಮುಂಚಿತವಾಗಿ ಸಾರಿದೆ. ಅಷ್ಟು ತಿಳಿದಿರುವುದು ವ್ರತಭಂಗವಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡಿದ್ದೇನೆ.

ಬೇಡಿಕೊಳ್ಳದೆಯೂ ಬರುವ ಹಾಡುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಫಿಯರ್ ಆಫ್ ದಿ ಡಾರ್ಕ್’ ಬರುತ್ತದೆ, ಗಿಟಾರಿನ ಸ್ವರವನ್ನು ಜನರೇ ಹಾಡುತ್ತಾರೆ, ನಾನೂ ಹಾಡುತ್ತೇನೆ. ಮನೆಯಲ್ಲಿ ಆ ಹಾಡು ಬಂದರೆ ಮುಂದಿನದಕ್ಕೆ ಹಾರುವವನು ನಾನು ಎಂಬುದು ನಿನಗೆ ಗೊತ್ತಿದೆ, ಅಲ್ಲಿ ಯಾರಿಗೂ ಹೇಳಬೇಡ. ‘ದಿ ಟ್ರೂಪರ್’ನಲ್ಲಿ ಗಾಯಕ ಬ್ರೂಸ್ ಡಿಕಿನ್ಸನ್ ಕೆಂಪು ಸೈನಿಕ ಕೋಟು ತೊಟ್ಟು ಬಾವುಟ ಬೀಸುವುದನ್ನು ಎಷ್ಟು ಸಲ ವಿಡಿಯೊದಲ್ಲಿ ನೋಡಿದ್ದೇವೋ! ಆದರೆ ಆ ಹಾಡಿನಲ್ಲಿ ನನ್ನ ಕಣ್ಣು ಬಾವುಟದ ಮೇಲಿರುವುದಿಲ್ಲ. ಸ್ಟೀವ್ ಹ್ಯಾರಿಸ್‌ನ ಬಲಗೈ ಮೇಲಿರುತ್ತದೆ. ಬೇಸ್ ಗಿಟಾರಿನ ತಂತಿಯನ್ನು ಆತ ಬರಿಯ ಬೆರಳುಗಳಲ್ಲೇ ಮೀಟುತ್ತಾನೆ. ಒಂದು ಉದ್ದ, ಎರಡು ಗಿಡ್ಡ, ಮತ್ತೆ ಒಂದು ಉದ್ದ, ಎರಡು ಗಿಡ್ಡ. ಆ ಕುದುರೆ ಓಟವನ್ನು ಊಟದ ಮೇಜಿನ ಮೇಲೆ ಬೆರಳಾಡಿಸಿ ಕಲಿಯಲು ಹೋಗಿ ಅರ್ಧ ನಿಮಿಷಕ್ಕೆ ಮಣಿಕಟ್ಟು ಹಿಡಿದುಕೊಂಡವನು ನಾನು. ಎಪ್ಪತ್ತರ ಆಸುಪಾಸಿನ ಮನುಷ್ಯ ಅದನ್ನು ಗಂಟೆಗಟ್ಟಲೆ ಓಡಿಸುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು.

ಈಗ ನಿಜವಾದ ಆಸೆಗಳಿಗೆ ಬರುತ್ತೇನೆ.

ಮೊದಲನೆಯದು ‘ರೈಮ್ ಆಫ್ ದಿ ಏನ್ಶಂಟ್ ಮ್ಯಾರಿನರ್’. 1984ರ ‘ಪವರ್‌ಸ್ಲೇವ್’ ಆಲ್ಬಂನ ಕೊನೆಯ ಹಾಡು, ಹದಿಮೂರು ನಿಮಿಷಕ್ಕೂ ಹೆಚ್ಚು. ಕೋಲರಿಜ್ ಕವಿಯ ಇದೇ ಹೆಸರಿನ ಕವಿತೆಯ ಹಡಗು, ಕಡಲಹಕ್ಕಿಯನ್ನು ಕೊಂದ ನಾವಿಕ, ಶಾಪ, ಎಲ್ಲವೂ ಇದೆ. ನನಗೆ ಬೇಕಾಗಿರುವುದು ಮಾತ್ರ ನಡುವಿನ ಆ ಜಾಗ. ಅಲ್ಲಿಯವರೆಗೆ ಭೋರ್ಗರೆಯುತ್ತಿದ್ದ ವಾದ್ಯಗಳೆಲ್ಲ ನಿಲ್ಲುತ್ತವೆ. ಹಡಗಿನ ಮರ ಕಿರುಗುಟ್ಟುವ ಸದ್ದು. ಬೇಸ್ ಮಾತ್ರ, ಅದೂ ಆಗೊಂದು ಈಗೊಂದು ಸ್ವರ. ಯಾರೋ ಪಿಸುಗುಡುವಂತೆ ಕವಿತೆಯ ಸಾಲು ಓದುತ್ತಾರೆ. ಗಾಳಿಯಿಲ್ಲದ ಕಡಲಿನಲ್ಲಿ ಹಡಗು ನಿಂತುಬಿಟ್ಟಿದೆ ಎಂದು ಹಾಡು ಹೇಳಬೇಕಾಗಿಯೇ ಇಲ್ಲ, ಹಾಡೇ ನಿಂತುಬಿಟ್ಟಿರುತ್ತದೆ. ಆಮೇಲೆ ಬೇಸ್ ಮೆಲ್ಲಗೆ ದಟ್ಟವಾಗುತ್ತದೆ, ಡ್ರಮ್ಸ್ ಒಳಗೆ ಬರುತ್ತದೆ, ಡಿಕಿನ್ಸನ್ ಒಂದೊಂದೇ ಮೆಟ್ಟಿಲು ಹತ್ತಿ ‘ಮಳೆ’ ಎಂಬ ಪದವನ್ನು ಹಿಡಿದು ಕೂಗುತ್ತಾನೆ. ಕಾರಿನಲ್ಲಿ ಕೇಳುವಾಗಲೂ ಆ ಕೂಗು ಬರುವವರೆಗೆ ನಾನು ಉಸಿರು ಬಿಗಿಹಿಡಿದಿರುತ್ತೇನೆ. ಸಾವಿರಾರು ಜನರ ನಡುವೆ ಆ ಮೌನ ಉಳಿಯುತ್ತದೆಯೇ? ಯಾರಾದರೊಬ್ಬ ಶಿಳ್ಳೆ ಹಾಕಿಯೇ ಹಾಕುತ್ತಾನೆ. ಆ ಒಬ್ಬ ನೀನಾಗಿರಬಾರದು.

ಎರಡನೆಯದರ ವಿಷಯದಲ್ಲಿ ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚಿದೆ. ‘ಅಲೆಕ್ಸಾಂಡರ್ ದಿ ಗ್ರೇಟ್’ 1986ರಲ್ಲಿ ಬಂತು. ಮುಂದಿನ 37 ವರ್ಷ ಅದನ್ನು ಒಮ್ಮೆಯೂ ವೇದಿಕೆ ಹತ್ತಿಸಲಿಲ್ಲ. ಅಭಿಮಾನಿಗಳು ಕೇಳಿ ಕೇಳಿ, ಕೊನೆಗೆ ಅದನ್ನು ಕೇಳುವುದೇ ಒಂದು ನಗೆಚಾಟಿಕೆಯಾಯಿತು. 2023ರ ಮೇ ತಿಂಗಳಲ್ಲಿ, ಸ್ಲೊವೇನಿಯಾದ ಲ್ಯುಬ್ಲಿಯಾನಾದಲ್ಲಿ, ಸದ್ದಿಲ್ಲದೆ ನುಡಿಸಿಬಿಟ್ಟರು. ಅದೂ ಹೇಗೆ? ಡ್ರಮ್ಸ್ ಹಿಂದೆ ಕೂತಿದ್ದ ನಿಕೋ ಮೆಕ್‌ಬ್ರೇನ್‌ಗೆ ಅದೇ ಜನವರಿಯಲ್ಲಿ ಪಾರ್ಶ್ವವಾಯು ಬಡಿದಿತ್ತು. ಆ ವಿಷಯ ಅವನು ಬಾಯಿಬಿಟ್ಟು ಹೇಳಿದ್ದು ಆಗಸ್ಟಿನಲ್ಲಿ. ಎಪ್ಪತ್ತರ ವಯಸ್ಸಿನಲ್ಲಿ, ಸ್ವಾಧೀನ ತಪ್ಪಿದ ಕೈಯನ್ನು ಮತ್ತೆ ಪಳಗಿಸಿಕೊಂಡು, ಎಂಟೂವರೆ ನಿಮಿಷದ ಹೊಸ ಹಾಡು! ನಮಗೆ ಹಳೆಯದು, ವೇದಿಕೆಗೆ ಹೊಸದು.

ನೀನು ಆ ಪ್ರವಾಸಕ್ಕೆ ಹೋದೆ. ನಾನು ‘ಮುಂದಿನ ಸಲ ನೋಡೋಣ’ ಎಂದೆ. ನೀನು ಮೊಬೈಲಿನಲ್ಲಿ ಹಿಡಿದು ಕಳಿಸಿದ ತುಣುಕು ಇನ್ನೂ ನನ್ನ ಬಳಿ ಇದೆ. ಅದರಲ್ಲಿ ಗಿಟಾರ್ ಕೇಳಿಸುವುದಿಲ್ಲ, ನೀನು ಕಿರುಚಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತದೆ. 2024ರ ಡಿಸೆಂಬರಿನಲ್ಲಿ ಸಾವೊ ಪಾಲೊದಲ್ಲಿ ನಿಕೋ ಕೊನೆಯ ಪ್ರವಾಸ ಮುಗಿಸಿದ. ಈಗ ಅವನ ಜಾಗದಲ್ಲಿ ಸೈಮನ್ ಡಾಸನ್. ಅವನ ಮೇಲೆ ನನ್ನದೇನೂ ದೂರಿಲ್ಲ. ಆದರೆ ಆ ಹಾಡನ್ನು ಈ ಸಲ ನುಡಿಸಿದರೂ ನಾನು ಕೇಳಬೇಕಾಗಿದ್ದ ರೀತಿಯಲ್ಲಿ ಕೇಳಲಾಗುವುದಿಲ್ಲ. ‘ಮುಂದಿನ ಸಲ’ ಎಂದಿದ್ದಕ್ಕೆ ಯಾರನ್ನು ಬೈಯಲಿ?

ಮೂರನೆಯದು ‘ಇನ್ಫಿನಿಟ್ ಡ್ರೀಮ್ಸ್’. ಇದಕ್ಕೆ ಕಾರಣ ಕೇಳಬೇಡ. ನಿದ್ದೆ ಬಾರದ ಒಂದು ಕಾಲದಲ್ಲಿ, ನಿದ್ದೆಗೆ ಹೆದರುವವನ ಈ ಹಾಡು ನನ್ನ ಜೊತೆಗಿತ್ತು, ಅಷ್ಟೇ.

ನಿಯಮದ ಹೊರಗೆ ಇನ್ನೊಂದಿದೆ, ಬರುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತೇನೆ. 2015ರ ‘ಎಂಪೈರ್ ಆಫ್ ದಿ ಕ್ಲೌಡ್ಸ್’. 1930ರಲ್ಲಿ ಫ್ರಾನ್ಸಿನಲ್ಲಿ ಬಿದ್ದು ಉರಿದುಹೋದ ಆರ್101 ವಾಯುನೌಕೆಯ ಕಥೆ, 48 ಜನರ ಸಾವು, 18 ನಿಮಿಷ, ಡಿಕಿನ್ಸನ್ ಪಿಯಾನೊ. ಸ್ವತಃ ವಿಮಾನ ಹಾರಿಸುವ ಮನುಷ್ಯ ಬರೆದ ಹಾಡು ಎಂಬುದು ಪ್ರತಿ ಸಾಲಿನಲ್ಲೂ ತಿಳಿಯುತ್ತದೆ. ವೇದಿಕೆಗೆ ಇನ್ನೂ ಬಂದಿಲ್ಲ. 37 ವರ್ಷದ ಲೆಕ್ಕ ಹಿಡಿದರೆ 2052ಕ್ಕೆ ಬರಬೇಕು. ಆಗ ಡಿಕಿನ್ಸನ್‌ಗೆ ತೊಂಬತ್ತನಾಲ್ಕು.

ಸರಿ, ಈಗ ನಿನಗೊಂದು ಕೆಲಸ. ಈ ಪತ್ರದಲ್ಲಿ ಹೆಸರಿಸಿದ ಹಾಡುಗಳಲ್ಲಿ ಪಟ್ಟಿಯಲ್ಲಿರುವುದನ್ನು ಒಂದು ಚೀಟಿಯಲ್ಲಿ ಬರೆದು ಮಡಚಿ ಜೇಬಿನಲ್ಲಿಟ್ಟುಕೋ. ಎಲ್ಲ ಮುಗಿದು ದೀಪ ಹತ್ತಿದ ಮೇಲೆ ಕೊಡು. ಮೊಬೈಲ್ ಹೊರಗೆ ತೆಗೆಯಬೇಡ, ಈ ಸಲ ತಂಡವೇ ಹಾಗೆ ಕೇಳಿಕೊಂಡಿದೆ. ಆರಂಭಕ್ಕೆ ಮುಂಚೆ ಧ್ವನಿವರ್ಧಕದಲ್ಲಿ ಯುಎಫ್‌ಒ ತಂಡದ ‘ಡಾಕ್ಟರ್ ಡಾಕ್ಟರ್’ ಬರುತ್ತದಲ್ಲ, ಅದು ಕೇಳಿಸಿದ ತಕ್ಷಣ ನನ್ನ ಪಕ್ಕದಿಂದ ಸರಿದು ಹಿಂದೆ ನಿಲ್ಲು. ಮುಂದಿನ ಹಾಡು ಯಾವುದೆಂದು ನಿನ್ನ ಮುಖ ನನಗಿಂತ ಮೊದಲೇ ಹೇಳಿಬಿಡುತ್ತದೆ.

ಇಂತಿ,
ನಿನ್ನ ಗೆಳೆಯ